ಕಡ್ಡಿ ಗೀರದೆ ಹೊತ್ತಿದ ಬೆಂಕಿ

"ಅಮ್ಮಾ, ನಂಗೆ ಬೆಂಕಿ ಹೊತ್ಸೋದು ಹೇಳ್ಕೊಡು."

ಮಗಳು ಹೀಗೆ ಕೇಳಿದಾಗ ನಾನು ಎಂಟನೇ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆ. ಕೈಯಲ್ಲಿದ್ದ ಪತ್ರಿಕೆಯಲ್ಲಿ ಯಾವನೋ ಹುಡುಗ 'ದಹನಕ್ಕೆ ಇಂಧನ, ಆಮ್ಲಜನಕ ಮತ್ತು ಜ್ವಲನ ತಾಪ ಅಗತ್ಯ' ಎಂದು ದುಂಡು ಅಕ್ಷರದಲ್ಲಿ ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ಆಮೇಲೆ ತಲೆ ಎತ್ತಿ, "ಹೋಗಿ ನಿಮ್ಮಪ್ಪನ್ನ ಕೇಳು" ಎಂದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದಹನ ಮತ್ತು ಜ್ವಾಲೆಯ ಪಾಠವನ್ನು ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಮೇಣದಬತ್ತಿಯ ಜ್ವಾಲೆಯ ಮೂರು ವಲಯಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ಪ್ರಯೋಗಾಲಯದಲ್ಲಿ ಸ್ಪಿರಿಟ್ ದೀಪ ಹಚ್ಚುವುದು ನಮ್ಮ ಅಟೆಂಡರ್. "ಮೇಡಂ, ನೀವು ಈ ಕಡೆ ನಿಂತ್ಕೊಳ್ಳಿ" ಎಂದು ಅವರೇ ಮುಂದೆ ಬರುತ್ತಾರೆ. ಅವರಿಗೆ ಯಾವತ್ತೋ ಗೊತ್ತಾಗಿದೆ. ನನಗೆ ಕಡ್ಡಿ ಗೀರಲು ಕೈ ನಡುಗುತ್ತದೆ.

ಈಗಿನ ಮನೆಗಳಲ್ಲಿ ಇದನ್ನು ಮುಚ್ಚಿಡುವುದೇನೂ ಕಷ್ಟವಲ್ಲ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಗ್ಯಾಸ್ ಒಲೆಯ ಗುಂಡಿ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ. ಸ್ನಾನಕ್ಕೆ ಗೀಸರ್ ಇದೆ. ದೇವರ ದೀಪ ಹಚ್ಚುವುದು ನಮ್ಮವರು. ಹನ್ನೆರಡು ತುಂಬಿದ ಮಗಳು ಅಲ್ಲಿಯವರೆಗೆ ಒಂದು ಬೆಂಕಿಕಡ್ಡಿಯನ್ನೂ ಗೀರಿರಲಿಲ್ಲ. ದೀಪಾವಳಿಯಲ್ಲಿ ಅವಳಪ್ಪ ಸುರುಸುರು ಬತ್ತಿ ಹಚ್ಚಿ ಅವಳ ಕೈಗೆ ಕೊಟ್ಟರೆ, ನಾನು ಪಕ್ಕದಲ್ಲಿ ಬಕೆಟ್ ನೀರು ಹಿಡಿದು ನಿಂತಿರುತ್ತಿದ್ದೆ.

ಇದಕ್ಕೆ ಕಾರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆ ಮಾತು ಎತ್ತುವುದಿಲ್ಲ. ಅಮ್ಮನ ಎಡಗೈ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಎಳೆದು ಹೊಲಿದಂತೆ ಸುಕ್ಕುಗಟ್ಟಿದೆ. ಕತ್ತಿನ ಎಡಭಾಗದಲ್ಲೂ ಅಂಗೈಯಗಲ ಹಾಗೆಯೇ ಇದೆ, ಸೆರಗಿನಲ್ಲಿ ಕಾಣುವುದಿಲ್ಲ. 1984ರಲ್ಲಿ ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಸೀಮೆಎಣ್ಣೆ ಪಂಪ್ ಸ್ಟೌ ಭುಗಿಲೆದ್ದಿತ್ತು. ನನಗಾಗ ಆರು ವರ್ಷ, ಅಣ್ಣನಿಗೆ ಹತ್ತು. ಆಮೇಲೆ ನಮ್ಮನ್ನು ಅಡುಗೆಮನೆಯ ಹೊಸ್ತಿಲು ದಾಟಲು ಯಾರೂ ಬಿಡಲಿಲ್ಲ. ನಾನು ಮೊದಲ ಬಾರಿ ಒಲೆ ಹೊತ್ತಿಸಿದ್ದು ಮದುವೆಯಾದ ಮೇಲೆ, ಅತ್ತೆಯವರ ಮುಂದೆ, ಬೆವರುತ್ತಾ.

ಮಗಳು ಅಪ್ಪನ ಬಳಿ ಹೋಗಲಿಲ್ಲ. ಅಲ್ಲೇ ನಿಂತು ವಿಷಯ ಹೇಳಿದಳು. ಅವಳು ಶಾಲೆಯಲ್ಲಿ ಗೈಡ್ಸ್ ಸೇರಿದ್ದಾಳೆ. ಜನವರಿಯಲ್ಲಿ ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕಿನಲ್ಲಿ ಮೂರು ದಿನ ಶಿಬಿರ. (ಆ ಹೆಸರು ಸುಮ್ಮನೆ ಬಂದದ್ದಲ್ಲ. ಭಾರತೀಯ ಮಕ್ಕಳಿಗೂ ಸ್ಕೌಟಿಂಗ್ ಸಿಗಲೆಂದು ಮದರಾಸಿನಲ್ಲಿ ಸಂಘ ಕಟ್ಟಿದವರು ಆನಿ ಬೆಸೆಂಟ್.) ಒಂದೊಂದು ತಂಡವೂ ತನ್ನ ಒಲೆಯನ್ನು ತಾನೇ ಹೂಡಿ ಹೊತ್ತಿಸಬೇಕು, ಕೊಡುವುದು ಎರಡೇ ಕಡ್ಡಿ. ಇವಳ ತಂಡದ ಹುಡುಗಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೂ ಕಡ್ಡಿ ಬಳಸದೆ ಹೊತ್ತಿಸುತ್ತೇವೆಂದು ಜಂಬ ಕೊಚ್ಚಿಕೊಂಡು ಬಂದಿದ್ದರು. ಆ ಕೆಲಸವನ್ನು ನನ್ನ ಮಗಳೇ ಹೊತ್ತುಕೊಂಡಿದ್ದಳು.

"ಕಡ್ಡಿ ಇಲ್ದೆ ಹೇಗೆ ಹೊತ್ಸ್ತೀಯೆ?"

"ಮಾಮ ಕೊಡ್ತೀನಿ ಅಂದಿದಾರೆ, ಬೆಂಕಿ ಸರಳು."

ಆಗಲೇ ಇಷ್ಟೆಲ್ಲ ಆಗಿಹೋಗಿದೆ ಎಂದು ತಿಳಿದು ನನಗೆ ಅಣ್ಣನ ಮೇಲೆ ಕೋಪ ಬಂತು.

ಅಣ್ಣನದು ಕಾಮಾಕ್ಷಿಪಾಳ್ಯದಲ್ಲಿ ಗ್ಯಾಸ್ ಕಟಿಂಗ್, ವೆಲ್ಡಿಂಗ್ ಶೆಡ್. ಒಂದೇ ಮನೆಯಲ್ಲಿ ಒಂದೇ ಬೆಂಕಿಯನ್ನು ಕಂಡ ಇಬ್ಬರಲ್ಲಿ ಅವನು ದಿನವಿಡೀ ಬೆಂಕಿಯ ಜೊತೆಗೇ ಬದುಕುವ ಕೆಲಸ ಹಿಡಿದ. ನಾನು ಬೆಂಕಿಯನ್ನು ಬೋರ್ಡಿನ ಮೇಲೆ ಮಾತ್ರ ಬರೆಯುವ ಕೆಲಸ ಹಿಡಿದೆ. ಭಾನುವಾರ ಮಗಳನ್ನು ಕರೆದುಕೊಂಡು ಅವನ ಶೆಡ್ಡಿಗೆ ಹೋದೆ. ಬೈಯಬೇಕು ಎಂದುಕೊಂಡೇ ಹೋದದ್ದು.

ಅವನು ಮೊದಲು ಗ್ಯಾಸ್ ಕಟಿಂಗ್ ಟಾರ್ಚು ಹೊತ್ತಿಸುವ ಲೈಟರ್ ತೋರಿಸಿದ. ಇಕ್ಕಳದಂತೆ ಬಾಗಿದ ತಂತಿ, ತುದಿಯಲ್ಲೊಂದು ಚಿಕ್ಕ ಬಟ್ಟಲು. ಒತ್ತಿದರೆ ಒಳಗೆ ಕರ್ ಎಂದು ಉಜ್ಜಿ ಕಿಡಿ ಹಾರುತ್ತದೆ. "ಇದರೊಳಗೆ ಅಕ್ಕಿ ಕಾಳಿನಷ್ಟು ಕಲ್ಲಿರುತ್ತಲ್ಲ, ಸಿಗರೇಟ್ ಲೈಟರ್‌ನಲ್ಲೂ ಅದೇ ಇರೋದು. ಅದೇ ಮಾಲು ಉದ್ದಕ್ಕೆ ಮಾಡಿದರೆ ಇದು" ಎಂದು ಜೇಬಿನಿಂದ ಕಿರುಬೆರಳಿನ ಉದ್ದದ ಕಪ್ಪು ಸರಳು ತೆಗೆದ. ಅದಕ್ಕೆ ಮರದ ಹಿಡಿ ಕೂಡಿಸಿದ್ದ. ಮುರಿದ ಹ್ಯಾಕ್ಸಾ ಬ್ಲೇಡಿನ ಬೆನ್ನನ್ನು ಗ್ರೈಂಡರಿಗೆ ಹಿಡಿದು ಅಂಚು ಚೌಕ ಮಾಡಿದ. "ಮೊದಲು ಈ ಕಪ್ಪು ಬಣ್ಣ ಹೋಗೋವರೆಗೂ ಕೆರೀಬೇಕು ಪುಟ್ಟಿ. ಆಮೇಲೆ ನೋಡು." ಬ್ಲೇಡಿನ ಬೆನ್ನನ್ನು ಸರಳಿಗೆ ಒತ್ತಿ ಒಮ್ಮೆ ಎಳೆದ. ಬಿಳಿಯ ಕಿಡಿಗಳು ಹಿಡಿಯಷ್ಟು ಉದುರಿದವು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಗಳು ಎರಡು ಹೆಜ್ಜೆ ಮುಂದೆ ಹೋದಳು.

ಬೈಯುವುದು ಮರೆತೇಹೋಯಿತು. ನನಗೆ ಆ ಸರಳಿನ ಮೇಲೆ ಪಾಠದ ಆಸೆ ಹುಟ್ಟಿಬಿಟ್ಟಿತ್ತು. ಮನೆಗೆ ಬಂದು ಓದಿದೆ. ಹಳ್ಳಿ ಮದುವೆಗಳಲ್ಲಿ ಸುಂಯ್ ಎಂದು ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪ ನಿಮಗೆ ಜ್ಞಾಪಕವಿರಬಹುದು, ಇಲ್ಲವೇ ನಿಮ್ಮ ಅಜ್ಜಿ ತಾತಂದಿರಿಗೆ ಇರಬಹುದು. ಅದರ ಗಾಜಿನೊಳಗೆ ಬಿಳಿಯ ಜಾಳಿಗೆಯೊಂದು ಇರುತ್ತದೆ, ಮ್ಯಾಂಟಲ್. ಅಂಥ ಮ್ಯಾಂಟಲನ್ನು ಮೊದಲು ಮಾಡಿದವರು ಆಸ್ಟ್ರಿಯದ ರಸಾಯನಶಾಸ್ತ್ರಜ್ಞ ಕಾರ್ಲ್ ಔಯರ್ ಫಾನ್ ವೆಲ್ಸ್‌ಬಾಖ್, 1885ರಲ್ಲಿ. ಅದಕ್ಕೆ ಥೋರಿಯಂ ಬೇಕು, ಥೋರಿಯಂ ಸಿಗುವುದು ಮೊನಜೈಟ್ ಎಂಬ ಮರಳಿನಲ್ಲಿ. ಥೋರಿಯಂ ತೆಗೆದ ಮೇಲೆ ಸೀರಿಯಂ ಮುಂತಾದ ಲೋಹಗಳ ಕಸ ರಾಶಿರಾಶಿಯಾಗಿ ಉಳಿಯುತ್ತಿತ್ತು. ಬಿಸಾಡಲು ಮನಸ್ಸಾಗದೆ ಅವರು ಅದಕ್ಕೆ ಕಬ್ಬಿಣ ಬೆರೆಸಿ ನೋಡಿದರು. ಕೆರೆದರೆ ಕಿಡಿ! 1903ರಲ್ಲಿ ಪೇಟೆಂಟ್ ಪಡೆದರು. ಆ ಮಿಶ್ರಲೋಹದ ಹೆಸರು ಫೆರೋಸೀರಿಯಂ, ನನ್ನ ಮಗಳ ಕೈಯಲ್ಲಿದ್ದದ್ದೂ ಅದೇ.

ಇಷ್ಟಾದರೆ ಅದು ಬರೀ ಹೊರದೇಶದ ಕಥೆಯಾಗುತ್ತಿತ್ತು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ತಿರುವಾಂಕೂರಿನಿಂದ ಹಡಗಿನಲ್ಲಿ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳನ್ನು ಪರೀಕ್ಷಿಸಿದರು. ಅದರಲ್ಲಿ ಇದೇ ಮೊನಜೈಟ್ ಸಿಕ್ಕಿತು. ಕೇರಳದ ಕಡಲತೀರದ ಮರಳು ಲೋಕಕ್ಕೆ ಬೇಕಾದದ್ದು ಹೀಗೆ. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿ, ಆಲುವಾದಲ್ಲಿ ಆ ಮರಳನ್ನು ಸಂಸ್ಕರಿಸತೊಡಗಿದ್ದೂ ಇದರ ಮುಂದುವರಿಕೆಯೇ. ತೆಂಗಿನ ನಾರು ಎಂಬ ಮಾತನ್ನು ಇಲ್ಲಿ ಸ್ವಲ್ಪ ನೆನಪಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ.

ಮಗಳಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. "ಸರಿ ಅಮ್ಮ, ಆದ್ರೆ ಹೊತ್ಕೊಳ್ಳೋದು ಏನು?" ಎಂದಳು.

ಪ್ರಶ್ನೆ ಸರಿಯಾದದ್ದೇ. ಈ ಸರಳಿನ ಕಿಡಿ 3000 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ, ಆದರೆ ಬದುಕುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಅದನ್ನು ಹಿಡಿದುಕೊಳ್ಳುವಂಥ ಒಣಗಿದ, ನವಿರಾದ ವಸ್ತು ಬೇಕು. ಸೌದೆಯ ಮೇಲೆ ಸಾವಿರ ಕಿಡಿ ಉದುರಿಸಿದರೂ ಏನೂ ಆಗುವುದಿಲ್ಲ. ಕರ್ಪೂರ ಇಟ್ಟರೆ ಒಂದೇ ಏಟಿಗೆ ಹೊತ್ತುತ್ತದೆ, ಅದು ಮೋಸ ಎಂದು ತಂಡದಲ್ಲಿ ತೀರ್ಮಾನವಾಗಿತ್ತಂತೆ.

ಹಾಗಾಗಿ ಡಿಸೆಂಬರಿನ ಎರಡು ವಾರ ನಮ್ಮ ಮನೆ ಕಸದ ಗೋದಾಮಾಯಿತು. ಜ್ಞಾನಭಾರತಿಯ ಕಡೆ ವಾಕಿಂಗ್ ಹೋದಾಗ ನೀಲಗಿರಿ ಮರಗಳು ಸುಲಿದು ರಸ್ತೆಗೆ ಬೀಳಿಸಿದ್ದ ತೊಗಟೆ ಬಂತು. ಖಾಲಿ ಸೈಟಿನ ಎಕ್ಕದ ಗಿಡದಿಂದ ಒಡೆದ ಕಾಯಿಯ ರೇಷ್ಮೆಯಂಥ ಎಳೆಗಳು ಬಂದವು. ಬೂರುಗದ ಕಾಯಿ ಬಿರಿಯುವುದು ಬೇಸಿಗೆಯಲ್ಲಿ, ಡಿಸೆಂಬರಿನಲ್ಲಿ ಎಲ್ಲಿ ತರುವುದು? ಅಮ್ಮನ ಹಳೆಯ ಬೂರುಗದ ಹತ್ತಿಯ ದಿಂಬಿನ ಹೊಲಿಗೆ ಒಂದು ಕಡೆ ಬಿಚ್ಚಿಕೊಂಡಿತ್ತು. ಅಲ್ಲಿಂದ ದಿನಾ ಒಂದು ಚಿಟಿಕೆ ಕಾಣೆಯಾಗುತ್ತಿತ್ತು. ಅಮ್ಮ ನೋಡಿಯೂ ನೋಡದಂತಿದ್ದರು. ನನ್ನ ಜೊತೆ ಆ ವಿಷಯ ಮಾತಾಡಲೂ ಇಲ್ಲ.

ಅಭ್ಯಾಸಕ್ಕೆ ತುರಹಳ್ಳಿ ಕಾಡಿಗೆ ಹೋಗೋಣ ಎಂದು ಮಗಳು ಹಠ ಹಿಡಿದಳು. ಅಲ್ಲಿ ಬಂಡೆ ಇದೆ, ಹುಲ್ಲಿದೆ, ಶಿಬಿರದ ಹಾಗೇ ಇರುತ್ತದೆ ಎಂದು ಅವಳ ವಾದ. ಹುಲ್ಲಿದೆ ಎಂಬುದೇ ತೊಂದರೆ. ಡಿಸೆಂಬರ್ ಕಳೆದರೆ ಅಲ್ಲಿ ಮೊಣಕಾಲೆತ್ತರದ ಹುಲ್ಲು ಬೆಂಕಿಗೆ ಕಾದಂತೆ ಒಣಗಿ ನಿಂತಿರುತ್ತದೆ. ಒಂದು ಕಿಡಿ ಬಿದ್ದರೆ ನವಿಲಿನ ಮೊಟ್ಟೆ, ಮೊಲದ ಮರಿ, ಗಿಡದ ಸಸಿ ಏನೂ ಉಳಿಯುವುದಿಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ ಕೂಡ. "ಬೆಂಕಿ ಹೊತ್ತಿಸೋದಕ್ಕೆ ಮೊದಲು ಎಲ್ಲಿ ಹೊತ್ತಿಸಬಾರದು ಅಂತ ಕಲಿ" ಎಂದು ನನ್ನ ಗಂಡ ಅಪರೂಪಕ್ಕೆ ಗದರಿದರು. ಕೊನೆಗೆ ಜಾಗ ನಮ್ಮ ತಾರಸಿಯೇ ಆಯಿತು. ಅಟ್ಟದಲ್ಲಿ ಅಮ್ಮನ ಹಳೆಯ ಕಬ್ಬಿಣದ ಅಗ್ಗಿಷ್ಟಿಕೆ ಇತ್ತು, ನನ್ನ ಬಾಣಂತನದಲ್ಲಿ ಸಾಂಬ್ರಾಣಿ ಹಾಕಿ ಮಗುವಿನ ತಲೆ ಒಣಗಿಸಲು ತಂದದ್ದು. ಅದರಲ್ಲಿ ಒಂದು ಹಿಡಿ ಪುಳ್ಳೆಯಷ್ಟೇ, ಹೆಚ್ಚಿಲ್ಲ. ಪಕ್ಕದಲ್ಲಿ ಎರಡು ಬಕೆಟ್ ನೀರು, ಒಂದು ಮರಳು. ಹತ್ತಿಯ ಬಟ್ಟೆ ಮಾತ್ರ ಹಾಕಿಕೊಳ್ಳಬೇಕು, ಜಡೆ ಮೇಲಕ್ಕೆ ಕಟ್ಟಬೇಕು, ದುಪಟ್ಟಾ ಇರಬಾರದು. ಇವು ನಾನು ಹಾಕಿದ ಷರತ್ತುಗಳು.

ಮೊದಲ ಸಂಜೆ ಏನೂ ಆಗಲಿಲ್ಲ. ಮಗಳು ಬ್ಲೇಡನ್ನು ಮುಂದಕ್ಕೆ ತಳ್ಳಿದಾಗಲೆಲ್ಲ ಕೈ ಹೋಗಿ ಹತ್ತಿಗೇ ಬಡಿದು, ಎಲ್ಲ ಚೆಲ್ಲಾಪಿಲ್ಲಿ. ಮರುದಿನ ಅಣ್ಣ ಫೋನಿನಲ್ಲಿ ಉಪಾಯ ಹೇಳಿದ. ಬ್ಲೇಡನ್ನು ಅಲ್ಲಾಡಿಸಬೇಡ, ಅದು ನಿಂತ ಕಡೆಯೇ ನಿಲ್ಲಲಿ. ಸರಳನ್ನು ನಿನ್ನ ಕಡೆಗೆ ಹಿಂದಕ್ಕೆ ಎಳೆ. ನಿಧಾನವಾಗಿ, ಆದರೆ ಒತ್ತಿ. ಇದು ಕೆಲಸ ಮಾಡಿತು. ಎರಡನೇ ಸಂಜೆ ಕಿಡಿಗಳು ಬೂರುಗದ ಹತ್ತಿಯ ಮೇಲೆ ಉದುರಿದವು. ಭುಗ್ ಎಂದಿತು. ಮಗಳು ಕಿರುಚಿಕೊಂಡು ಕುಣಿದಳು. ಅವಳ ಕುಣಿತ ಮುಗಿಯುವುದರೊಳಗೆ ಬೆಂಕಿಯೂ ಮುಗಿದಿತ್ತು. ಬೂರುಗದ ಒಂದೊಂದು ಎಳೆಯೂ ಟೊಳ್ಳು, ಒಳಗೆ ಬರೀ ಗಾಳಿ, ಮೇಲೆ ತೆಳ್ಳನೆಯ ಮೇಣ. ಹಾಗಾಗಿ ಥಟ್ಟನೆ ಹೊತ್ತಿ ಥಟ್ಟನೆ ಮುಗಿಯುತ್ತದೆ, ಪುಳ್ಳೆಗೆ ಕಾವು ತಾಗುವುದರೊಳಗೆ.

ಮೂರನೇ ಸಂಜೆ ಅವಳು ಹತ್ತಿಯನ್ನು ಹೆಚ್ಚು ಇಟ್ಟಳು. ತಾರಸಿಯ ಮೇಲೆ ಗಾಳಿ ಬೀಸಿತು. ಹೊತ್ತಿಕೊಂಡ ಹತ್ತಿಯ ಒಂದು ತುಣುಕು ಅಗ್ಗಿಷ್ಟಿಕೆಯಿಂದ ಎದ್ದು, ಒಣಹಾಕಿದ್ದ ಬಟ್ಟೆಗಳ ಕಡೆಗೆ ತೇಲಿತು. ತಂತಿ ತಲುಪುವ ಮೊದಲೇ ಅದು ಆರಿಹೋಯಿತೆಂದು ಈಗ ಹೇಳಬಲ್ಲೆ. ಆಗ ನನಗೆ ಕಂಡದ್ದು 1984ರ ಅಡುಗೆಮನೆ. ಎರಡು ಬಕೆಟ್ ನೀರನ್ನೂ ಅಗ್ಗಿಷ್ಟಿಕೆಯ ಮೇಲೆ, ಬಟ್ಟೆಯ ಮೇಲೆ, ಮಗಳ ಮೇಲೆ ಸುರಿದೆ. "ಸಾಕು! ಯಾವ ಶಿಬಿರಾನೂ ಬೇಡ!" ಎಂದು ಕೂಗಿದ್ದು ಎದುರು ಮನೆಯವರಿಗೂ ಕೇಳಿಸಿತು.

ಮಗಳು ಡಿಸೆಂಬರಿನ ಚಳಿಯಲ್ಲಿ ತೊಪ್ಪೆಯಾಗಿ ನಿಂತಿದ್ದಳು. "ನೀನು ಹೆದರ್ತೀಯ ಅಂತ ನಾನೂ ಹೆದರ್ಬೇಕಾ?" ಎಂದು ಕೇಳಿ ಕೆಳಗೆ ಹೋಗಿಬಿಟ್ಟಳು. ನಾನು ಒದ್ದೆ ಬೂದಿ ಬಳಿಯುತ್ತಾ ಕುಳಿತೆ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಸದ್ದಾಯಿತು. ಅಮ್ಮ. ಅವರಿಗೆ ಎಪ್ಪತ್ತಾರು, ಮಂಡಿನೋವು, ತಾರಸಿಗೆ ಬಂದು ವರ್ಷವಾಗಿರಬೇಕು. ಒಂದೊಂದೇ ಮೆಟ್ಟಿಲು ಹತ್ತಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ನನಗೆ ಅಳು ಬಂದುಬಿಟ್ಟಿತು. ನಲವತ್ತು ವರ್ಷ ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಆವತ್ತು ಬೆಳಗ್ಗೆ ಉಪ್ಪಿಟ್ಟಾಗಿತ್ತು. ನಾನು ಉಪ್ಪಿಟ್ಟು ಬೇಡ, ದೋಸೆಯೇ ಬೇಕು ಎಂದು ನೆಲಕ್ಕೆ ಬಿದ್ದು ಹಠ ಮಾಡಿದ್ದೆ. ಅದಕ್ಕೇ ಅಮ್ಮ ಆರಿಸಿದ್ದ ಸ್ಟೌ ಮತ್ತೆ ಹಚ್ಚಲು ಹೋದದ್ದು.

ಅಮ್ಮ ನನ್ನನ್ನು ಬಹಳ ಹೊತ್ತು ನೋಡಿದರು. "ನೀನು ದೋಸೆ ಕೇಳಿದ್ಯಾ? ನಂಗೆ ಜ್ಞಾಪಕಾನೇ ಇಲ್ವಲ್ಲೇ."

ಆಮೇಲೆ ಅವರೇ ಹೇಳಿದರು, ನಮ್ಮ ಪಾಠದ ಪುಸ್ತಕಕ್ಕಿಂತ ಚೆನ್ನಾಗಿ. "ಪಂಪ್ ಸ್ಟೌಗೆ ಬರ್ನರ್ ಚೆನ್ನಾಗಿ ಕಾಯ್ಬೇಕು. ಸುತ್ತ ಬಟ್ಟಲಿಗೆ ಒಂದಿಷ್ಟು ಎಣ್ಣೆ ಹುಯ್ದು ಹಚ್ಚಿ, ಅದು ಉರಿದು ಮುಗಿಯೋ ಹೊತ್ತಿಗೆ ಪಂಪ್ ಹೊಡೀಬೇಕು. ಆಗ ಎಣ್ಣೆ ಹಬೆಯಾಗಿ ಬಂದು ನೀಲಿ ಉರಿ ಬರುತ್ತೆ. ಆವತ್ತು ಬರ್ನರ್ ಅರೆಬರೆ ಬಿಸಿ ಇತ್ತು. ಸಾಕು ಅಂದ್ಕೊಂಡೆ. ನಿಮ್ಮಪ್ಪಂಗೆ ಬಸ್ಸಿನ ಹೊತ್ತು. ನಾಲ್ಕು ಸಲ ಪಂಪ್ ಹೊಡೆದ್ಬಿಟ್ಟೆ. ಎಣ್ಣೆ ಎಣ್ಣೆಯಾಗೇ ಚಿಮ್ಮಿತು. ಮೈಮೇಲೆ ನೈಲೆಕ್ಸ್ ಸೀರೆ ಬೇರೆ. ನನ್ನ ಆತುರ ಅದು. ನಿನ್ನ ದೋಸೆ ಅಲ್ಲ." ಎದುರು ಮನೆಯ ಅಜ್ಜಿ ಕುರಿಯ ಉಣ್ಣೆಯ ಕರಿ ಕಂಬಳಿ ತಂದು ಹೊದಿಸಿ ಆರಿಸಿದ್ದು, ಅಕ್ಕಪಕ್ಕದವರು ಸುಟ್ಟ ಗಾಯಕ್ಕೆ ಶಾಯಿ ಹುಯ್ದದ್ದು, ಅದನ್ನು ತೊಳೆಯುವಾಗ ಆಸ್ಪತ್ರೆಯಲ್ಲಿ ಪ್ರಾಣ ಹೋದ ಹಾಗಾದದ್ದು, ಎಲ್ಲ ಹೇಳಿದರು. (ಸುಟ್ಟ ಗಾಯಕ್ಕೆ ಶಾಯಿಯೂ ಬೇಡ, ದೋಸೆ ಹಿಟ್ಟೂ ಬೇಡ, ಟೂತ್‌ಪೇಸ್ಟೂ ಬೇಡ. ಇಪ್ಪತ್ತು ನಿಮಿಷ ತಣ್ಣೀರು ನಲ್ಲಿಯ ಕೆಳಗೆ ಹಿಡಿದು, ದೊಡ್ಡದಾದರೆ ಡಾಕ್ಟರ ಬಳಿ ಓಡಬೇಕು. ಇದನ್ನು ಈಗ ನಾನು ಪ್ರತಿ ವರ್ಷ ಪಾಠದ ಜೊತೆಗೇ ಹೇಳುತ್ತೇನೆ.)

"ನಮ್ಮೂರಲ್ಲಿ ಆರು ವರ್ಷಕ್ಕೆ ನಾನು ಒಲೆ ಹಚ್ತಿದ್ದೆ" ಎಂದರು ಅಮ್ಮ. ಅವರ ತವರು ಕುಣಿಗಲ್ ಕಡೆ. ರಾತ್ರಿ ಅಡುಗೆ ಮುಗಿದ ಮೇಲೆ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವುದು, ಬೆಳಗ್ಗೆ ಕೆದಕಿ ಒಣಹುಲ್ಲು ಇಟ್ಟು ಊದುವುದು. ಕೆಂಡ ಆರಿಹೋಗಿದ್ದರೆ ಬೆರಣಿಯ ತುಂಡು ಹಿಡಿದು ಪಕ್ಕದ ಮನೆಗೆ ಓಟ. ಅವರ ತಾತನ ಎಲೆಅಡಿಕೆ ಸಂಚಿಯಲ್ಲಿ ಚಕಮಕಿ ಇರುತ್ತಿತ್ತಂತೆ, ಬೀಡಿಗೆ. ಒಂದು ಬೆಣಚುಕಲ್ಲು, ಒಂದು ಉಕ್ಕಿನ ಬಿಲ್ಲೆ, ಒಂದು ಬಿದಿರಿನ ಅಂಡೆಯಲ್ಲಿ ಕರಿ ಮಾಡಿದ ಅರಳೆ. ಕೇಳುತ್ತಾ ನನಗೆ ಥಟ್ಟನೆ ಹೊಳೆಯಿತು. ಚಕಮಕಿಯಲ್ಲಿ ಗಟ್ಟಿಯಾದ ಕಲ್ಲು ಉಕ್ಕನ್ನು ಕೆರೆಯುತ್ತದೆ, ಉರಿಯುವುದು ಉಕ್ಕಿನ ಪುಡಿ. ಅಣ್ಣನ ಸರಳಿನಲ್ಲಿ ಅದೇ ಆಟ ತಿರುಗುಮುರುಗು. ಉಕ್ಕು ಕೆರೆಯುತ್ತದೆ, ಉರಿಯುವುದು ಸರಳು. ಸೀರಿಯಂ ಸೇರಿದ ಆ ಪುಡಿ 150-180 ಡಿಗ್ರಿಯಲ್ಲೇ ಹೊತ್ತಿಕೊಳ್ಳುವುದರಿಂದ ಕೆರೆದ ಬಿಸಿಯೇ ಅದಕ್ಕೆ ಸಾಕು. ಎರಡು ಬೆಣಚುಕಲ್ಲುಗಳನ್ನೇ ಕತ್ತಲಲ್ಲಿ ಉಜ್ಜಿದರೆ ಬೆಳಕು ಬರುತ್ತದೆ, ಸುಟ್ಟ ವಾಸನೆಯೂ ಬರುತ್ತದೆ, ನಾವೆಲ್ಲ ಚಿಕ್ಕವರಿದ್ದಾಗ ಆಡಿದ್ದೇವೆ. ಅದರಿಂದ ಮಾತ್ರ ಎಷ್ಟು ಉಜ್ಜಿದರೂ ಬೆಂಕಿ ಬಾರದು.

"ಪುಟ್ಟೀನ ಕರಿ" ಎಂದರು ಅಮ್ಮ. "ಬರೋವಾಗ ದೇವರ ಮನೆಯಿಂದ ಕಾಯಿ ಜುಟ್ಟು ತರಕ್ಕೆ ಹೇಳು."

ಬಟ್ಟೆ ಬದಲಿಸಿ, ಮುಖ ಊದಿಸಿಕೊಂಡೇ ಮಗಳು ಬಂದಳು. ಕೈಯಲ್ಲಿ ಪೂಜೆಗೆ ಒಡೆದ ಕಾಯಿಗಳ ಜುಟ್ಟು, ನಾಲ್ಕೈದು. ಅಮ್ಮ ಒಂದನ್ನು ತೆಗೆದುಕೊಂಡು ಎರಡು ಅಂಗೈಗಳ ನಡುವೆ ಉಜ್ಜತೊಡಗಿದರು. ಸುಕ್ಕುಗಟ್ಟಿದ ಎಡಗೈ, ನೆಟ್ಟಗಿರುವ ಬಲಗೈ. ನಾರು ಬಿಡಿಬಿಡಿಯಾಗಿ, ಮೆತ್ತಗಾಗಿ, ಅದರಿಂದ ಕಂದು ಬಣ್ಣದ ಪುಡಿ ಉದುರಿತು. ಮಡಿಲಲ್ಲಿ ಹಾಸಿದ್ದ ಪೇಪರಿನ ಮೇಲೆ ಅದನ್ನು ಬಿಡದೆ ಹಿಡಿದರು. "ಈ ಪುಡೀನೇ ಮುಖ್ಯ. ಚೆಲ್ಲಬೇಡ." ನಾರನ್ನು ಗುಬ್ಬಿಯ ಗೂಡಿನ ಹಾಗೆ ಮಾಡಿ, ನಡುವೆ ಆ ಪುಡಿ, ಅದರ ಮೇಲೆ ಒಂದೇ ಚಿಟಿಕೆ ಬೂರುಗದ ಹತ್ತಿ. "ಹತ್ತಿ ಕಿಡಿ ಹಿಡ್ಕೊಳ್ಳುತ್ತೆ, ಪುಡಿ ಕಾವು ಹಿಡ್ಕೊಳ್ಳುತ್ತೆ, ನಾರು ಉರಿಯುತ್ತೆ. ಒಬ್ಬೊಬ್ಬರಿಗೆ ಒಂದೊಂದು ಕೆಲಸ." ನೀಲಗಿರಿ ತೊಗಟೆಯನ್ನು ದಾರದಷ್ಟು ಸಣ್ಣಗೆ ಸೀಳಲು ಹೇಳಿದರು. ಅದರ ಮೇಲೆ ಪೊರಕೆ ಕಡ್ಡಿಯಷ್ಟು ತೆಳು ಪುಳ್ಳೆ, ಆಮೇಲೆ ಪೆನ್ಸಿಲ್ ದಪ್ಪ. ಒಟ್ಟಿಗೆ ತುರುಕಬೇಡ, ಗಾಳಿಗೆ ದಾರಿ ಬಿಡು.

ಮಗಳು ಸರಳು ಎಳೆದಳು. ಒಂದು, ಎರಡು, ಮೂರು. ನಾನು ಮತ್ತೆ ತುಂಬಿಸಿದ ಬಕೆಟ್ಟನ್ನು ಹಿಡಿದೇ ನಿಂತಿದ್ದೆ. ಆರನೆಯ ಸಲಕ್ಕೆ ಹತ್ತಿ ಭುಗ್ ಎಂದು ಆರಿತು, ಅವಳ ಮುಖ ಬಾಡಿತು. "ಇರು" ಎಂದರು ಅಮ್ಮ. ನಾರಿನ ನಡುವೆ ಕುಂಕುಮದ ಬೊಟ್ಟಿನಷ್ಟು ಕೆಂಪು ಉಳಿದಿತ್ತು. ಅಮ್ಮ ಕುರ್ಚಿಯಿಂದ ಇಳಿದು, ಮಂಡಿಯೂರಲಾರದೆ ನೆಲಕ್ಕೇ ಕುಳಿತರು. ಅಗ್ಗಿಷ್ಟಿಕೆಗೆ ಮುಖ ತಂದು ಊದಿದರು. ಉಫ್ ಎಂದಲ್ಲ, ಮಲಗಿದ ಮಗುವಿನ ಹಣೆಯ ಮೇಲಿನ ಕೂದಲು ಸರಿಸುವ ಹಾಗೆ, ಉದ್ದಕ್ಕೆ. ಬೊಟ್ಟು ನಾಣ್ಯವಾಯಿತು. ಹೊಗೆ ದಪ್ಪಗಾಯಿತು. "ನೀನು ಊದು" ಎಂದು ಮಗಳಿಗೆ ಜಾಗ ಬಿಟ್ಟರು. ಅವಳ ಮೂರನೆಯ ಉಸಿರಿಗೆ ನಾರಿನೊಳಗಿಂದ ಹಳದಿ ನಾಲಗೆಯೊಂದು ಎದ್ದು, ತೊಗಟೆಗೆ ತಾಗಿ, ಚಟಪಟ ಎಂದಿತು.

ಅಮ್ಮ ಬೆಂಕಿಯ ಅಷ್ಟು ಹತ್ತಿರ ಕುಳಿತದ್ದನ್ನು ನಾನು ಅದೇ ಮೊದಲು ನೋಡಿದ್ದು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದರು. ಹಿಂದಕ್ಕೆ ಸರಿಯಲಿಲ್ಲ.

"ಈಗ ನೀನು" ಎಂದು ನನ್ನ ಕಡೆಗೆ ತಿರುಗಿದರು. ನಾನು ನಾಳೆ ಎಂದೆ. ನಾಳೆ ಬರಲು ನಾಲ್ಕು ದಿನವಾಯಿತು. ಹದಿನೇಳು ಸಲ ಎಳೆಯಬೇಕಾಯಿತು, ಮಗಳು ಎಣಿಸುತ್ತಿದ್ದಳು. ಕೈ ನಡುಗಿದ್ದು ನಿಜ. ನಡುಗುವ ಕೈಯಿಂದಲೂ ಕಿಡಿ ಹಾರುತ್ತದೆ.

ಶಿಬಿರಕ್ಕೆ ಹೊರಡುವ ಹಿಂದಿನ ರಾತ್ರಿ ಅಮ್ಮ ಜುಟ್ಟಿನ ನಾರು, ಪುಡಿ, ಹತ್ತಿ ಎಲ್ಲವನ್ನೂ ಹಳೆಯ ಕುಂಕುಮದ ಡಬ್ಬಿಯಲ್ಲಿ ಒತ್ತಿ ತುಂಬಿದರು. "ಆ ಕಡೆ ಬೆಳಗಿನ ಇಬ್ಬನಿ ಜಾಸ್ತಿ. ರಾತ್ರಿ ಇದನ್ನ ರಗ್ಗಿನೊಳಗೆ ಮೈಗೆ ಒತ್ಕೊಂಡೇ ಮಲಗು. ಕೆಲಸ ಆದ್ಮೇಲೆ ನೀರು ಹುಯ್ದು, ಕೈ ಇಟ್ಟು ನೋಡು. ಕೈ ಇಡಕ್ಕೆ ಆಗ್ಲಿಲ್ಲ ಅಂದ್ರೆ ಆರಿಲ್ಲ ಅಂತ ಲೆಕ್ಕ." ಆ ಮೂರು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಸಂಜೆ ಮಗಳು ಬಂದಳು. ಮೂಗಿನ ಮೇಲೆ ಮಸಿ, ಕಣ್ಣು ಕೆಂಪು. ಬೂಟು ಬಿಚ್ಚುವ ಮೊದಲೇ ಮಾತು ಶುರು. ಮೊದಲ ದಿನ ಹೊತ್ತಲೇ ಇಲ್ಲವಂತೆ, ಎರಡು ಕಡ್ಡಿಯೂ ಮುಗಿದು ಪಕ್ಕದ ತಂಡದಿಂದ ಕೆಂಡ ಬೇಡಿ ತಂದರಂತೆ. ಎರಡನೆಯ ಬೆಳಗ್ಗೆ ಡಬ್ಬಿಯಲ್ಲಿ ಉಳಿದಿದ್ದ ಅರ್ಧ ನಾರಿನಲ್ಲಿ ಒಂಬತ್ತನೆಯ ಎಳೆತಕ್ಕೆ ಹೊತ್ತಿತಂತೆ, ಅದೇ ಒಲೆಯಲ್ಲಿ ಅವಲಕ್ಕಿ ಒಗ್ಗರಣೆಯಂತೆ. ರಾತ್ರಿ ಶಿಬಿರಾಗ್ನಿಗೆ ಅವಳ ಸರಳನ್ನೇ ಕೇಳಿ ತೆಗೆದುಕೊಂಡರಂತೆ, ಆದರೆ ಗಾಳಿ ಜಾಸ್ತಿಯಾಗಿ ಕೊನೆಗೆ ಕಡ್ಡಿಯಲ್ಲೇ ಹಚ್ಚಿದರಂತೆ.

ಅಮ್ಮ ಅವಳ ಕೊರಳಿನ ಸ್ಕಾರ್ಫ್ ಬಿಚ್ಚಿ ಮೂಗಿಗೆ ಹಿಡಿದರು.

"ನೀಲಗಿರಿ" ಎಂದರು. ಮತ್ತೊಮ್ಮೆ ಮೂಸಿದರು. "ಸೌದೆ ಹಸಿ ಇತ್ತು. ಅಲ್ವೇನೇ?"

"ಹೌದಜ್ಜಿ! ನಿಂಗೆ ಹೇಗೆ ಗೊತ್ತಾಯ್ತು?"